ಎಡಕ್ಕೆ ಸುತ್ತಿದ ಕಾರು

ನಾಲ್ಕು ಸ್ಕ್ರೂಗಳ ತಲೆಯ ಮೇಲೂ ಹಳದಿ ಚುಕ್ಕೆ ಇತ್ತು. ಶಂಕ್ರಪ್ಪ ಮೂರನ್ನು ಬಿಚ್ಚಿ ತಟ್ಟೆಯಲ್ಲಿಟ್ಟ. ನಾಲ್ಕನೆಯದಕ್ಕೆ ಅಲೆನ್ ಕೀ ಹಚ್ಚಿದವನು ಹಾಗೆಯೇ ಕುಳಿತುಬಿಟ್ಟ.

"ಯಾಕ ನಿಂತ್ರಿ?" ಎಂದಳು ಪಿಎಸ್‌ಐ ಸುನಿತಾ. ಅವಳ ಮೊಬೈಲು ಟೇಬಲ್ಲಿನ ಅಂಚಿಗೆ ಒರಗಿ ಎಲ್ಲವನ್ನೂ ಚಿತ್ರಿಸಿಕೊಳ್ಳುತ್ತಿತ್ತು. ಜಪ್ತಿಯಾದ ಕಾರು, ತಜ್ಞರ ಮುಂದೆಯೇ ಬಿಚ್ಚಬೇಕು. ಆರೋಪಿಯ ಸೋದರಮಾವನಾದರೂ ರಾಣೇಬೆನ್ನೂರಿನಲ್ಲಿ ಆ ತಜ್ಞನೆಂದರೆ ಇವನೇ. ಮೂವತ್ತೆರಡು ವರ್ಷ ಬಸ್ ಡಿಪೋದಲ್ಲಿ ಮೇಸ್ತ್ರಿಯಾಗಿದ್ದು, ನಿವೃತ್ತಿಯಾದ ಮೇಲೆ ರಿಮೋಟಿನ ರೇಸ್ ಕಾರುಗಳ ಹೊಟ್ಟೆ ಕುಯ್ಯಲು ಕುಳಿತವನು.

ಏನೆಂದು ಹೇಳಿಯಾನು? ನಿನ್ನೆ ಹಾವೇರಿ ಜೈಲಿನಲ್ಲಿ ಜಾಳಿಗೆಯ ಆಚೆ ನಿಂತು ಯಲ್ಲೇಶ ಆಡಿದ್ದು ಒಂದೇ ಮಾತು. "ಅದನ್ನ ಬಿಚ್ಚಬ್ಯಾಡ ಮಾಮಾ. ನಾನ ಕೊಂದೇನಿ ಅಂತ ತಿಳಕೊಂಡು ಬಿಟ್ಟುಬಿಡು." ಒಡಹುಟ್ಟಿದ ತಂಗಿಯ ಒಬ್ಬನೇ ಮಗ, ಇಪ್ಪತ್ನಾಲ್ಕರ ಹುಡುಗ. ಎಂಟು ದಿನದಲ್ಲಿ ಗಲ್ಲದ ಎಲುಬು ಕಾಣುವಷ್ಟು ಇಳಿದಿದ್ದ. ಬದುಕಿನ ಆಸೆಯನ್ನೇ ಬಿಟ್ಟವನ ಮಾತು ಅದು ಎಂದುಕೊಂಡು ಶಂಕ್ರಪ್ಪ ಬಸ್ಸಿನಲ್ಲಿ ಉದ್ದಕ್ಕೂ ಕಣ್ಣೊರೆಸಿಕೊಳ್ಳುತ್ತ ಬಂದಿದ್ದ.

ನಡೆದದ್ದು ಇಷ್ಟು: ಹಿಂದಿನ ರವಿವಾರ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ವ್ಯಾಪಾರಿ ಹಾಲಸಿದ್ದಪ್ಪ ಸಾವ್ಕಾರರ ಸಿಮೆಂಟಿನ ಕಣದಲ್ಲಿ ರೇಸು. ಮೊದಲ ಸುತ್ತಿನಲ್ಲೇ ಯಲ್ಲೇಶನ ಕಾರು ನೇರ ದಾರಿ ಬಿಟ್ಟು ಬಲಕ್ಕೆ ನುಗ್ಗಿ, ನಡುವಿನ ಕಟ್ಟೆಯ ಹತ್ತಿರ ನಿಂತಿದ್ದ ಸಾವ್ಕಾರರ ಮೊಣಕಾಲಿಗೆ ಬಡಿಯಿತು. ನಾಲ್ಕು ಕಿಲೋ ತೂಕ, ತಾಸಿಗೆ ಎಂಬತ್ತು ಕಿಲೋಮೀಟರ್ ವೇಗ. ಸಾವ್ಕಾರರು ಕಟ್ಟೆಯ ಕಲ್ಲಿಗೆ ತಲೆ ಬಡಿದು ಬಿದ್ದವರು ಮೂರನೆಯ ದಿನ ತೀರಿಕೊಂಡರು. ಮುಂದಿನ ತಿಂಗಳಿಂದ ಕಣದಲ್ಲಿ ರೇಸು ಬಂದ್ ಎಂದು ಅವರು ಹೇಳಿದಾಗ "ನೋಡ್ಕೋತೀನಿ" ಎಂದು ಯಲ್ಲೇಶ ನಾಲ್ಕು ಜನರ ಮುಂದೆ ಕೂಗಿದ್ದ. ಊರಿಗೆ ಅಷ್ಟು ಸಾಕಾಯಿತು. ಪೊಲೀಸರಿಗೂ ಸಾಕಾಯಿತು.

ಬರುವ ಸೋಮವಾರ ಜಾಮೀನಿನ ಅರ್ಜಿ. ಕಾರು ತಿರುಗಿದ್ದು ಹುಡುಗನ ಬೆರಳಿನಿಂದಲ್ಲ ಎಂದು ತೋರಿಸಿದರೆ ಅವನು ಹೊರಗೆ ಬಂದಾನು. ತೋರಿಸದಿದ್ದರೆ ಕೊಲೆಯ ಕೇಸು.

ನಾಲ್ಕನೆಯ ಸ್ಕ್ರೂ ಬಂತು.

ಒಳಗಿದ್ದದ್ದು ಹಿಂದಿನ ಡಿಫರೆನ್ಶಿಯಲ್ಲು. ತಿರುವಿನಲ್ಲಿ ಹೊರಗಿನ ಗಾಲಿ ಹೆಚ್ಚು ಓಡಬೇಕು, ಒಳಗಿನದು ಕಡಿಮೆ. ಆ ಹೆಚ್ಚುಕಡಿಮೆಯನ್ನು ಹಂಚಿಕೊಡುವ ಪೆಟ್ಟಿಗೆ. ಬಸ್ಸಿನಲ್ಲಿ ಇಪ್ಪತ್ತು ಜನರಿಗೆ ಅನ್ನ ಮಾಡುವ ಪಾತ್ರೆಯಷ್ಟಿರುತ್ತದೆ, ಇದರಲ್ಲಿ ಒಂದು ನಿಂಬೆಹಣ್ಣಿನಷ್ಟು. ಗುಣ ಮಾತ್ರ ಎರಡಕ್ಕೂ ಒಂದೇ, ರೋಗವೂ ಒಂದೇ.

ಶಂಕ್ರಪ್ಪ ಮುಚ್ಚಳ ಎತ್ತಿದ. ಗೇರುಗಳು ಅಲುಗಲಿಲ್ಲ. ಅವುಗಳ ನಡುವಿನ ಕ್ರಾಸು, ಅಂದರೆ ಗೇರು ತಿರುಗುವ ಉಕ್ಕಿನ ಕಡ್ಡಿ, ನೀಲಿಗಟ್ಟಿತ್ತು. ಅದರ ಮೈಯಲ್ಲಿ ಉಗುರು ಕೂರುವಷ್ಟು ಕಾಲುವೆ ಬಿದ್ದಿತ್ತು. ಗೇರು ಆ ಕಾಲುವೆಗೇ ಹತ್ತಿಕೊಂಡು ಕುಳಿತಿತ್ತು.

"ಜಾಮ್ ಆಗೇತಿ," ಎಂದ. "ಹುಡುಗ ತಿರುಗಿಸಿಲ್ಲರಿ ಮೇಡಂ. ಕಾರು ತಾನ ತಿರುಗೇತಿ."

ಸುನಿತಾ ಮುಂದೆ ಬಾಗಿದಳು. ಜಾಮ್ ಆದರೆ ನೇರ ಹೋಗಬೇಕಲ್ಲ, ಬಲಕ್ಕೇ ಯಾಕೆ ಎಂದು ಕೇಳಿದಳು. ಜಾಣೆ. ಶಂಕ್ರಪ್ಪ ವರ್ನಿಯರ್ ತೆಗೆದು ಹಿಂದಿನ ಎರಡೂ ಟೈರು ಅಳೆದ. ಇವು ಸ್ಪಂಜಿನಂಥ ಫೋಮಿನ ಟೈರು, ಓಡಿದಷ್ಟೂ ಸವೆಯುತ್ತವೆ. ಎಡಗಡೆಯದು ಎಪ್ಪತ್ನಾಲ್ಕು ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಬಲಗಡೆಯದು ಎಪ್ಪತ್ತೆರಡು. ಪೆಟ್ಟಿಗೆ ಜಾಮ್ ಆಗಿ ಎರಡೂ ಗಾಲಿ ಒಂದೇ ಸಮ ತಿರುಗತೊಡಗಿದರೆ ಸಣ್ಣ ಗಾಲಿ ಇರುವ ಕಡೆಗೇ ಗಾಡಿ ಎಳೆಯುತ್ತದೆ. ಡಿಪೋದಲ್ಲಿ ಕಸ ಹೊಡೆಯುವವನಿಗೂ ಗೊತ್ತಿದ್ದ ವಿಷಯ ಅದು.

ಆದರೆ ಅಳತೆಯ ಮೇಲಿಂದ ಅವನ ಕಣ್ಣು ಏಳಲಿಲ್ಲ. ಬಲಗಡೆಯದು ಸಣ್ಣದಾಗಿದ್ದು ಹೇಗೆ?

ಆ ಕಣದ ನಡುವೆ ಚೌಡವ್ವನ ಕಟ್ಟೆ ಇದೆ. ರೇಸು ಶುರುವಾದ ಮೊದಲ ದಿನವೇ ಹಿರಿಯರು ಒಂದು ಕಾನೂನು ಮಾಡಿದ್ದರು: ಮನುಷ್ಯ ಸುತ್ತಲಿ, ಕಾರು ಸುತ್ತಲಿ, ತಾಯಿಯನ್ನು ಬಲಕ್ಕಿಟ್ಟುಕೊಂಡೇ ಸುತ್ತಬೇಕು. ಎಡಸುತ್ತು ಹೆಣಕ್ಕೆ ಮಾತ್ರ. ದಾವಣಗೆರೆಯಿಂದ ಬಂದ ಶೋಕಿ ಹುಡುಗರೂ ಅಲ್ಲಿ ಎಡಕ್ಕೆ ಓಡಿಸಿದವರಲ್ಲ. ಹಾಗೆ ಓಡಿದ ಕಾರಿಗೆ ಯಾವಾಗಲೂ ಹೊರಗಿನದು, ಎಡಗಡೆಯ ಟೈರೇ ಮೊದಲು ಸವೆಯುತ್ತದೆ. ಐದು ವರ್ಷದಲ್ಲಿ ಶಂಕ್ರಪ್ಪ ಅಲ್ಲಿನ ನೂರಾರು ಟೈರು ನೋಡಿದ್ದ. ಬಲಗಡೆ ಸವೆದದ್ದನ್ನು ಒಂದನ್ನೂ ನೋಡಿರಲಿಲ್ಲ.

"ಈ ಕಾರನ್ನ ಯಾರೋ ಎಡಕ್ಕ ಸುತ್ತಿಸ್ಯಾರ," ಎಂದ ನಿಧಾನವಾಗಿ. "ಒಂದೆರಡು ಸುತ್ತಲ್ಲ. ಬ್ಯಾಟರಿ ಮುಗಿಯೂ ತನಕ."

ಟೈರು ಸಮ ಇಲ್ಲದೆ ಓಡಿದ್ದರಿಂದ ಗೇರು ನೇರ ದಾರಿಯಲ್ಲೂ ಬಿಡುವಿಲ್ಲದೆ ತಿರುಗಿ ಕ್ರಾಸನ್ನು ತಿಂದಿತ್ತು. ಕಾದು ಕಾದು ಎಣ್ಣೆಯೆಲ್ಲ ಸೀಲಿನಿಂದ ಹೊರಬಿದ್ದಿತ್ತು. ಶುಕ್ರವಾರ ತಾನೇ ತುಂಬಿದ್ದ ಸಿಲಿಕೋನ್ ಎಣ್ಣೆ. ಹಾಗಾದರೆ ಒಳಗೆ ಈ ಕಂದು ಅಂಟು ಏನು? ಶಂಕ್ರಪ್ಪ ಬೆರಳಿಗೆ ಹಚ್ಚಿ ಮೂಸಿದ.

ಕುಸುಬಿ ಎಣ್ಣೆ.

ಅಡಿಗೆಯ ಕುಸುಬಿ ಎಣ್ಣೆ ಕಾದರೆ ಅಂಟಾಗುತ್ತದೆ. ಒಗ್ಗರಣೆಯ ಬಾಣಲೆಯ ಅಂಚಿಗೆ ಕೂತ ಕಲೆ ತಿಕ್ಕಿದರೂ ಹೋಗದಲ್ಲ, ಹಾಗೆ. ಹಿಂದೆ ಗದಗ ರೂಟಿನ ಡ್ರೈವರೊಬ್ಬ ದಾರಿಯಲ್ಲಿ ಎಣ್ಣೆ ಸೋರಿತೆಂದು ಡಿಫರೆನ್ಶಿಯಲ್ಲಿನ ಪೆಟ್ಟಿಗೆಗೆ ಐದು ಕಿಲೋ ಕುಸುಬಿ ಎಣ್ಣೆ ಸುರಿದು, ಹತ್ತು ಮೈಲಿ ಹೋಗುವಷ್ಟರಲ್ಲಿ ಬಸ್ಸನ್ನು ಹೊಲಕ್ಕೆ ಇಳಿಸಿದ್ದ. ಆ ಕಥೆಯನ್ನು ಶಂಕ್ರಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿ ಹೇಳಿ ನಗಿಸುತ್ತಿದ್ದ. ಇಂದು ನಗು ಬರಲಿಲ್ಲ.

ತಟ್ಟೆಯಲ್ಲಿದ್ದ ಸ್ಕ್ರೂಗಳನ್ನು ಎತ್ತಿಕೊಂಡ. ಬೋಲ್ಟು ಬಿಗಿದ ಮೇಲೆ ಹಳದಿ ಬಣ್ಣ ಮುಟ್ಟಿಸುವುದು ಡಿಪೋದ ರೂಢಿ. ಬಿಗಿದವನ ಸಹಿ ಅದು. ಶುಕ್ರವಾರ ಅವನೇ ಮುಟ್ಟಿಸಿದ್ದ. ಭೂತಗನ್ನಡಿಯಲ್ಲಿ ನೋಡಿದರೆ ಹಳೆಯ ಚುಕ್ಕೆ ಒಡೆದಿತ್ತು. ಅದರ ಮೇಲೆ ಇನ್ನೊಂದು, ಹೊಸದು.

ಅಲ್ಲಿಗೆ ಎಲ್ಲ ಸ್ಪಷ್ಟವಾಯಿತು ಎಂದುಕೊಂಡ, ಪಾಪ. ಯಾರೋ ಪೆಟ್ಟಿಗೆ ತೆರೆದಿದ್ದಾರೆ. ಒಳಗಿನ ಗತಿಯನ್ನು ಕಣ್ಣಾರೆ ಕಂಡಿದ್ದಾರೆ. ಕಂಡೂ ಕುಸುಬಿ ಎಣ್ಣೆ ಹಾಕಿ ಮುಚ್ಚಿ, ಅನುಮಾನ ಬಾರದಿರಲೆಂದು ತನ್ನದೇ ಚುಕ್ಕೆಯನ್ನು ನಕಲು ಮಾಡಿದ್ದಾರೆ. ಹಳದಿ ಬಣ್ಣದ ಡಬ್ಬಿ ಇರುವುದು ಕಣದ ಸಾಮಾನಿನ ಕೋಣೆಯಲ್ಲಿ, ಕಾರು ಮತ್ತು ರಿಮೋಟಿನ ಪಕ್ಕದಲ್ಲೇ.

"ಬರದು ಕೊಡ್ರಿ," ಎಂದಳು ಸುನಿತಾ. "ಇಷ್ಟನ್ನೂ ಬರದು, ಸಹಿ ಮಾಡಿ ಕೊಡ್ರಿ. ಆದ್ರ ಟೈರು ಮೊದಲಿಗೇ ತಪ್ಪು ಕಡದಿದ್ರು ಅಂತ ವಕೀಲರು ಅಂದ್ರ ಏನು ಮಾಡ್ತೀರಿ?"

ಅದಕ್ಕೂ ಉತ್ತರ ಎರಡು ಓಣಿಯ ಆಚೆ ಇತ್ತು.

*

ಫೋಮಿನ ಟೈರನ್ನು ಅಳತೆಗೆ ಕಡಿದುಕೊಡುವ ಹಜರತಅಲಿಯ ಲೇತು ನಾಲ್ಕು ದಿನದಿಂದ ತಿರುಗಿರಲಿಲ್ಲ. ಲೇತಿನವನೇ ಟೈರು ಕೆಡಿಸಿದ ಎಂದು ಯಾರೋ ಹೋಟೆಲ್ಲಿನಲ್ಲಿ ಆಡಿದ್ದು ಅವನ ಕಿವಿಗೂ ಬಿದ್ದಿತ್ತು. ಊರ ಬಾಯಿ ಮುಚ್ಚಲು ಮುಚ್ಚಳ ಹುಡುಕುವುದೆಲ್ಲಿ? ಮನುಷ್ಯ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಕುಳಿತಿದ್ದ. ಶಂಕ್ರಪ್ಪನನ್ನು ಕಂಡವನೇ ಎದ್ದು ನಿಂತು, ಗಾಲಿಯನ್ನು ತಂದಿದ್ದೀರಾ ಎಂದು ಕೇಳಿದ.

ಸುನಿತಾ ಚೀಲದಿಂದ ತೆಗೆದು ತೋರಿಸಿದಳು. ಹಜರತಅಲಿ ಎರಡೂ ಗಾಲಿಯ ಒಳಮೈಯನ್ನು ಬೆಳಕಿಗೆ ಹಿಡಿದ. ಅವನು ಕಡಿದ ಪ್ರತಿಯೊಂದು ಗಾಲಿಯ ಒಳಗೂ ಪೆನ್ಸಿಲಿನಲ್ಲಿ ಅಳತೆ, ವಾರ ಬರೆದಿರುತ್ತಾನೆ. ಎರಡರಲ್ಲೂ ಇತ್ತು: ೭೪, ಶನಿ.

"ಶಂಕ್ರಪ್ಪಣ್ಣ, ನನ್ನ ಕೈ ತಪ್ಪಿಲ್ಲ," ಎಂದ. ಅಷ್ಟು ಹೇಳುವಷ್ಟರಲ್ಲಿ ಅವನ ಕಣ್ಣು ತುಂಬಿದವು.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಯಲ್ಲೇಶ ಟೈರು ಒಯ್ದಿದ್ದ. ಕಾರಿಗೆ ಹಾಕಿ, ಕಣದ ಕೋಣೆಯಲ್ಲಿ ಇಟ್ಟು, ಹೊಸರಿತ್ತಿಗೆ ಪಂಪಿನ ಮೋಟರು ರಿಪೇರಿಗೆ ಹೋದವನು ತಿರುಗಿ ಬಂದದ್ದು ಕತ್ತಲಾದ ಮೇಲೆ. ಅದಕ್ಕೆ ಹತ್ತು ಜನ ಸಾಕ್ಷಿ ಇದ್ದರು. ಅಂದರೆ ಎಡಕ್ಕೆ ಸುತ್ತಿಸಿದವನು ಯಲ್ಲೇಶನಲ್ಲ. ಎಂಟು ದಿನದಲ್ಲಿ ಮೊದಲ ಸಲ ಶಂಕ್ರಪ್ಪನ ಎದೆಯ ಮೇಲಿನ ಕಲ್ಲು ತುಸು ಸರಿದಂತಾಯಿತು. ಸರಿಯಬಾರದಿತ್ತು.

*

ಸಾವ್ಕಾರರ ಮಗ ಚೇತನಕುಮಾರ ಬ್ಯಾಡಗಿಯ ಕಣದಲ್ಲಿ ಕಟ್ಟೆಯ ಕಲ್ಲಿನ ಮೇಲೆ ಕುಳಿತಿದ್ದ. ಸಂತೆಯ ದಿನವಲ್ಲ, ಕಣ ಖಾಲಿ. ಮೂಲೆಯಲ್ಲಿ ನಾಲ್ಕಾರು ಹೆಂಗಸರು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಅವರ ಪ್ರತಿಯೊಬ್ಬರ ಬುಟ್ಟಿಯಲ್ಲೂ ಕುಸುಬಿ ಎಣ್ಣೆಯ ಸಣ್ಣ ಶೀಸೆ. ಕೈ ಉರಿಯದಿರಲೆಂದು ಬೆರಳಿಗೆ ಹಚ್ಚಿಕೊಂಡೇ ಕೆಲಸಕ್ಕೆ ಕೂರುತ್ತಾರೆ. ಶೀಸೆ ಬೇಕಾದವನು ಕೈ ಚಾಚಿದರೆ ಸಾಕು.

ಶಂಕ್ರಪ್ಪ ಸುತ್ತಿ ಬಳಸಿ ಮಾತಾಡುವವನಲ್ಲ. ಕೋಣೆಯ ಕೀಲಿ ಯಾರ ಹತ್ತಿರ ಎಂದ. ತೂಕದ ಕೋಣೆಯ ಮೊಳೆಗೆ ನೇತುಬಿದ್ದಿರುತ್ತದೆ ಎಂದ ಚೇತನ. ಶನಿವಾರ ಇಲ್ಲಿ ಯಾರಿದ್ದರು? ನಾನೊಬ್ಬನೇ ಆಫೀಸಿನಲ್ಲಿದ್ದೆ, ಮಧ್ಯಾಹ್ನ ಕಾರಿನ ಸದ್ದು ತಾಸುಗಟ್ಟಲೆ ಕೇಳಿಸಿತು, ಯಲ್ಲೇಶನೇ ಇರಬೇಕೆಂದು ಹೊರಗೆ ಬಂದು ನೋಡಲಿಲ್ಲ ಎಂದ.

"ಅಪ್ಪಾರು ಕುರ್ಚಿ ಬಿಟ್ಟು ಏಳೂ ಮನಶಾ ಅಲ್ಲ. ರೇಸಿನ ಹೊತ್ತಿಗೆ ಕಟ್ಟಿ ಹತ್ರ ಯಾಕ ನಿಂತಿದ್ರು?"

"ಕಾಯಿ ಒಡ್ಯಾಕ ಯಾರೋ ಕರದ್ರಂತ," ಎಂದ ಚೇತನ. ಯಾರೆಂದು ಗೊತ್ತಿಲ್ಲವಂತೆ.

ಯಾರೋ! ಎಲ್ಲದಕ್ಕೂ ಯಾರೋ. ರೇಸು ಬಂದ್ ಮಾಡುವ ವಿಷಯಕ್ಕೆ ಅಪ್ಪನಿಗೂ ಮಗನಿಗೂ ಜಗಳವಾದದ್ದು ಕಣದವರಿಗೆಲ್ಲ ಗೊತ್ತಿತ್ತು. ಶಂಕ್ರಪ್ಪ ಅವನ ಮುಖವನ್ನೇ ದಿಟ್ಟಿಸಿದ. "ಉಪ್ಪು ತಿಂದಾವ ನೀರು ಕುಡಿಯಾಕs ಬೇಕು, ತಮ್ಮಾ," ಎಂದು ಹೇಳಿ ಹೊರಟ. ಚೇತನ ಅಪ್ಪ ಬಿದ್ದ ಜಾಗದ ಕಲ್ಲನ್ನೇ ನೋಡುತ್ತ ಕುಳಿತ.

ಬ್ಯಾಡಗಿ ಠಾಣೆಯಲ್ಲಿ ಕುಳಿತು ಶಂಕ್ರಪ್ಪ ಎರಡು ಪುಟ ಬರೆದ. ಅಳತೆ, ಸವೆತ, ಕ್ರಾಸು, ಎಣ್ಣೆ, ಚುಕ್ಕೆ ಒಂದನ್ನೂ ಬಿಡಲಿಲ್ಲ. ಕೊನೆಯ ಸಾಲನ್ನು ಒತ್ತಿ ಬರೆದ: ಎಡಕ್ಕೆ ಸುತ್ತಿಸಿದವರು ಯಾರೇ ಇರಲಿ, ಈ ಪೆಟ್ಟಿಗೆಯನ್ನು ಕೊನೆಗೆ ಮುಚ್ಚಿದವನಿಗೆ ಕಾರು ಬಲಕ್ಕೆ ನುಗ್ಗುವುದು ಖಂಡಿತ ಗೊತ್ತಿತ್ತು, ಹಾಲಸಿದ್ದಪ್ಪನವರ ಸಾವಿಗೆ ಅವನೇ ಕಾರಣ.

ಸಹಿ ಮಾಡಿದ. ಸುನಿತಾ ಶಿಕ್ಕಾ ಒತ್ತಿ ಒಂದು ಪ್ರತಿ ಕೊಟ್ಟಳು. ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಂಗಿಯ ಮನೆಗೆ ನಡೆದ.

*

ಉಡಚವ್ವ ಬುತ್ತಿ ಕಟ್ಟುತ್ತಿದ್ದಳು. ಎರಡು ರೊಟ್ಟಿ, ಶೇಂಗಾ ಚಟ್ನಿ. ನಾಲ್ಕರ ಬಸ್ಸಿಗೆ ಹಾವೇರಿ. ಮಗ ಉಣ್ಣುವುದಿಲ್ಲ, ಇವಳು ಒಯ್ಯುವುದು ಬಿಡುವುದಿಲ್ಲ. ಅಣ್ಣನ ಮುಖ ನೋಡಿದವಳೇ ಕೈ ನಿಲ್ಲಿಸಿದಳು.

ಹುಡುಗನದು ತಪ್ಪಿಲ್ಲ ಎಂದು ಕಾರು ಬಿಚ್ಚಿ ಕಂಡಿದ್ದೇನೆ ಎಂದ ಶಂಕ್ರಪ್ಪ. ಶನಿವಾರ ಯಾರೋ ಕಾರನ್ನು ಎಡಕ್ಕೆ ಸುತ್ತಿಸಿ ಕೆಡಿಸಿದ್ದಾರೆ, ಅವರು ಸಿಗುತ್ತಾರೆ ಎಂದ. ಅವಳು ಅಳುತ್ತಾಳೆ, ತನ್ನ ಕಾಲು ಹಿಡಿಯಲು ಬರುತ್ತಾಳೆ ಎಂದುಕೊಂಡಿದ್ದ. ಅವಳು ಗೋಡೆಗೆ ಒರಗಿ ಕೆಳಗೆ ಕುಳಿತಳು.

"ನಾನs ಅಣ್ಣಾ," ಎಂದಳು.

ಶಂಕ್ರಪ್ಪನಿಗೆ ಅರ್ಥವಾಗಲಿಲ್ಲ.

"ಎಡಕ್ಕ ಸುತ್ತಿಸಿದಾಕಿ ನಾನ. ಅವತ್ತ ಶನಿವಾರ, ಇವರು ತೀರಿಹೋದ ತಿಥಿ."

ಇವರು ಎಂದರೆ ಅವಳ ಗಂಡ ಪುಂಡಲೀಕ. ಅದೇ ಕಣದಲ್ಲಿ ಹಮಾಲಿ. ಹದಿನಾಲ್ಕು ವರ್ಷದ ಹಿಂದೆ ಅದೇ ಕಟ್ಟೆಯ ಮುಂದೆ ಮೆಣಸಿನಕಾಯಿ ಚೀಲದ ಒಟ್ಟಿಲು ಮೈಮೇಲೆ ಬಿದ್ದು ಸತ್ತವನು. ಕುಡಿದು ಬಂದಿದ್ದ, ತಪ್ಪು ಅವನದೇ ಎಂದು ಹಾಲಸಿದ್ದಪ್ಪ ಬರೆಸಿದ. ಆ ಕಾಗದಕ್ಕೆ ಮನೆತನದ ಪರವಾಗಿ ಸಹಿ ಹಾಕಿದವನು ಶಂಕ್ರಪ್ಪನೇ. ದೊಡ್ಡವರನ್ನು ಎದುರು ಹಾಕಿಕೊಂಡು ಬದುಕಲಾಗದು ತಂಗೀ ಎಂದಿದ್ದ. ಪುಂಡಲೀಕ ಹೆಂಡ ಮುಟ್ಟಿದವನಲ್ಲ ಎಂದು ಗೊತ್ತಿದ್ದೂ.

"ಹೆಣ ಮನೀಗೆ ತರಲಿಲ್ಲ, ಸೀದಾ ಒಯ್ದ್ರು. ನನಗ ಒಂದು ಸುತ್ತು ಸುತ್ತಾಕ ಬಿಡಲಿಲ್ಲ," ಎಂದಳು ಉಡಚವ್ವ. "ಈಗ ನನ್ನ ಮೊಣಕಾಲು ಒಲ್ಲವು. ಅಂವ ಬಿದ್ದ ಜಾಗದ ಸುತ್ತ ಕಾರರ ಸುತ್ತಲಿ ಅಂದೆ. ಯಲ್ಲೇಶ ನನಗ ನಡಸಾಕ ಕಲಿಸ್ಯಾನಲ್ಲ. ಬ್ಯಾಟರಿ ಇರೂ ತನಕ ಸುತ್ತಿಸಿದೆ. ಅದರಿಂದ ಕಾರು ಕೆಡತೈತಿ ಅಂತ ನನಗೇನು ಗೊತ್ತು?"

ಅಳಿಯನನ್ನು ಬಿಡಿಸಲು ಹೋಗಿ ತಂಗಿಯ ಕುತ್ತಿಗೆಗೆ ಹಗ್ಗ ಹಾಕಿದೆನೇ? ಇಲ್ಲ. ಶಂಕ್ರಪ್ಪ ತಡವರಿಸುತ್ತ ಯೋಚಿಸಿದ. ಅವಳು ಬರೀ ಸುತ್ತಿಸಿದ್ದು. ಗೊತ್ತಿಲ್ಲದೆ ಮಾಡಿದ್ದು. ತಾನು ಬರೆದಿದ್ದಾನಲ್ಲ, ಸುತ್ತಿಸಿದವರು ಯಾರೇ ಇರಲಿ ಎಂದು. ಕಾರಣನಾದವನು ಪೆಟ್ಟಿಗೆ ಮುಚ್ಚಿದವನು.

"ಯಲ್ಲೇಶಗ ಹೇಳಿದ್ಯಾ?"

"ಅವತ್ತ ರಾತ್ರಿನ ಹೇಳಿದೆ. ಎಲ್ಲಾ ಹೇಳಿಬಿಟ್ಟೆ. ಅವರಪ್ಪ ಕುಡದಿದ್ದಿಲ್ಲ ಅನ್ನೂದನ್ನೂ ಹೇಳಿದೆ. ಎಷ್ಟು ದಿನ ಮುಚ್ಚಿಡ್ಲಿ?" ಉಡಚವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಏನೂ ಅನಲಿಲ್ಲ, ನನ್ನ ಕೂಸು. ಬೆಳಿಗ್ಗೆ ತೊಟ್ಟು ಬಿಡಿಸೂ ಬುಟ್ಟ್ಯಾಗಿನ ನನ್ನ ಎಣ್ಣಿ ಶೀಸೆ ತಗೊಂಡು ಕಣಕ್ಕ ಹ್ವಾದ. ಬಿಚ್ಚಿ ನೋಡಿ, ಎಣ್ಣಿ ಹಾಕಿ ಸರಿ ಮಾಡಿಕೊಂಡೆ, ಮಾಮಾಗ ಹೇಳಬ್ಯಾಡ ಅಂದ. ತನ್ನ ಕೈಯಾರೆ ಸಾವ್ಕಾರ್ರಿಗೆ ಕಾಯಿ ಕೊಟ್ಟು, ಒಡೀರಿ ಅಂತ ಕಟ್ಟಿತನಕ ಕರಕೊಂಡು ಬಂದ. ಅಂಥಾವಗ ಕೊಲೆಗಾರ ಅಂತಾರ ನೋಡು."

ಹೊರಗೆ ಯಾರದೋ ಟಂಟಂ ಗಾಡಿ ಹಾದುಹೋಯಿತು. ಗದಗ ರೂಟಿನ ಬಸ್ಸಿನ ಕಥೆ ಹೇಳು ಮಾಮಾ ಎಂದು ಹತ್ತು ವರ್ಷದ ಯಲ್ಲೇಶ ಡಿಪೋದ ಸ್ಟೂಲಿನ ಮೇಲೆ ಕುಳಿತು ಪೀಡಿಸುತ್ತಿದ್ದುದು ಶಂಕ್ರಪ್ಪನ ಕಣ್ಣ ಮುಂದೆ ಬಂತು. ಎಷ್ಟು ಸಲ ಹೇಳಿದ್ದನೋ. ಬೋಲ್ಟು ಬಿಗಿದ ಮೇಲೆ ಹಳದಿ ಮುಟ್ಟಿಸು, ಅದು ನಿನ್ನ ಸಹಿ ಎಂದು ಬ್ರಶ್ಶು ಹಿಡಿಸಿ ಕಲಿಸಿದ್ದೂ ತಾನೇ.

ನಕಲು ಅಲ್ಲ. ಆ ಚುಕ್ಕೆ ನಕಲು ಅಲ್ಲ.

ಉಡಚವ್ವ ಬುತ್ತಿಯ ಗಂಟು ಬಿಗಿದು ಎದ್ದಳು. ಅವಳ ಮುಖದಲ್ಲಿ ಎಂಟು ದಿನದಲ್ಲಿ ಕಾಣದ ಗೆಲುವು ಇತ್ತು.

"ಬರದು ಕೊಟ್ಟೇನಿ ಅಂದ್ಯಲ್ಲ, ಅದರಾಗ ಏನೈತಿ ಓದಿ ಹೇಳು ಅಣ್ಣಾ. ಅಂವಗ ಇವತ್ತ ಹೇಳ್ತೇನಿ. ಕೇಳಿದ್ರರ ಒಂದು ತುತ್ತು ಉಂಡಾನು."

ಶಂಕ್ರಪ್ಪನ ಕೈ ಕಿಸೆಗೆ ಹೋಯಿತು. ನಾಲ್ಕು ಮಡಿಕೆಯ ಕಾಗದ ಬೆರಳಿಗೆ ತಾಕಿದ ಹೊತ್ತಿಗೇ ಅದರ ಪಕ್ಕದಲ್ಲಿದ್ದ ಮೊಬೈಲು ಹೊಡೆದುಕೊಂಡಿತು.

ಸುನಿತಾ. "ಶಂಕ್ರಪ್ಪನವರ, ನೀವು ಬರದದ್ದನ್ನ ಸಾಹೇಬರು ಒಪ್ಪಿದ್ರು. ಪೆಟ್ಟಿಗೆ ಮುಚ್ಚಿದಾವನ್ನ ಬಿಡಬ್ಯಾಡ್ರಿ ಅಂದಾರ. ಬಣ್ಣದ ಡಬ್ಬಿ ಮ್ಯಾಲಿನ ಬೆರಳಚ್ಚು ತಗೊಂಡೇವಿ. ಒಂದು ನಿಮ್ಮದು, ಅದು ಗೊತ್ತಿತ್ತು. ಇನ್ನೊಂದು ಯಾರದಂತ ನೀವs ಬಂದು ಹೇಳಬೇಕು."